ನಮ್ಮ ಓಣಿಯ ಕೌದಿ ಹೊದ್ದ ದೇವರು

ಮಾನ್ಯ ಸಂಶೋಧನಾ ಮುಖ್ಯಸ್ಥರೇ,

ನಿಮ್ಮ ಕಚೇರಿಯ ಬಾಗಿಲ ಮೇಲೆ ‘ಬದಲಾಗುತ್ತಿರುವ ಕೆಲಸದ ಜಾಗಗಳಲ್ಲಿ ಸುರಕ್ಷತೆ ಮತ್ತು ಆರೋಗ್ಯದ ಅಧ್ಯಯನ ವಿಭಾಗ’ ಎಂದು ಬರೆದಿದೆಯಂತೆ. ಅಷ್ಟು ಉದ್ದದ ಬೋರ್ಡಿನ ಕೆಳಗೆ ಕೂತವರಿಗೆ ನನ್ನ ಫಿರ್ಯಾದನ್ನು ಚಿಕ್ಕದಾಗಿಯೇ ಹೇಳಿಬಿಡುತ್ತೇನೆ. ನಾರಾಯಣಪೇಟೆಯ ನಮ್ಮ ನೇಕಾರರ ಓಣಿಯ ಬಗ್ಗೆ ನಿಮ್ಮವರು ಬರೆದ ವರದಿ ಸುಳ್ಳು. ಅದನ್ನು ನಂಬಿ ನೀವು ಗದ್ವಾಲದ ಮಗ್ಗಗಳಿಗೆ ಮೋಟಾರು ಹಂಚಲು ಹೊರಟಿದ್ದೀರಿ. ಮೊದಲ ಕಂತಿನಲ್ಲೇ ನನ್ನ ಮಗಳ ಮನೆಯಿದೆ. ಆ ಮೋಟಾರಿನ ಬೆಲ್ಟಿಗೆ ಮುಚ್ಚಳವಿಲ್ಲ. ಮುಚ್ಚಳವಿಲ್ಲದ ಬೆಲ್ಟು ಏನು ಮಾಡುತ್ತದೆ ಎಂದು ನನ್ನ ಹೆಂಡತಿಯ ಬಲಗೈಗೆ ಗೊತ್ತು, ನಿಮ್ಮ ವರದಿಗೆ ಗೊತ್ತಿಲ್ಲ. ಮುಚ್ಚಳ ಹಾಕುವವರೆಗೆ ಆ ಮೋಟಾರುಗಳನ್ನು ದಯವಿಟ್ಟು ಗೋದಾಮಿನಲ್ಲೇ ಇಟ್ಟುಕೊಳ್ಳಿ.

ಗಾಬರಿಯಾಗಬೇಡಿ, ನಿಮ್ಮವರು ಸುಳ್ಳುಗಾರರೆಂದು ನಾನು ಹೇಳುತ್ತಿಲ್ಲ. ಪಾಪ, ಅವರು ಕಂಡದ್ದನ್ನು ಕಂಡ ಹಾಗೆಯೇ ಬರೆದರು. ಅವರಿಗೆ ಕಾಣಲೆಂದು ಆ ಸುಳ್ಳನ್ನು ಸಿಂಗಾರ ಮಾಡಿ ಕೂರಿಸಿದವರು ನಾವು. ಇಡೀ ಓಣಿ ಸೇರಿ, ಒಗ್ಗಟ್ಟಾಗಿ, ಮದುವೆ ಕೆಲಸದ ಹುರುಪಿನಲ್ಲಿ ಕೂರಿಸಿದೆವು. ನಾವು ಯಾಕೆ ಹಾಗೆ ಮಾಡಿದೆವು, ನಿಮ್ಮವರು ಯಾಕೆ ಅಷ್ಟು ಸಲೀಸಾಗಿ ನಂಬಿದರು, ಎರಡನ್ನೂ ಹೇಳುತ್ತೇನೆ. ಸ್ವಲ್ಪ ಚಹಾ ತರಿಸಿಕೊಂಡು ಓದಿ.

ನಾನು ಆಶಪ್ಪ. ಮಗ್ಗ ನನ್ನ ಅಪ್ಪನದು, ಮೊಣಕಾಲು ನೋವು ನನ್ನ ಸ್ವಂತದ್ದು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ, ಅದರೊಳಗೆ ಇಳಿಬಿಟ್ಟ ಕಾಲು, ಕಾಲ ಕೆಳಗೆ ಮೆಟ್ಟು. ಬೆಳಗಿನಿಂದ ಸಂಜೆಯವರೆಗೆ ಮೆಟ್ಟು ತುಳಿದು ತುಳಿದು ನಾನು ಹೈದರಾಬಾದಿಗೆ ನಡೆದು ಹೋಗಿ ಬರಬಹುದಿತ್ತು, ಆದರೆ ಗುಂಡಿ ಬಿಟ್ಟು ಒಂದು ಮೊಳ ಸಹ ಆಚೆ ಹೋಗಲಿಲ್ಲ. ಕೆಲವು ವರ್ಷಗಳ ಹಿಂದೆ ಉಟ್ಕೂರಿನ ಬೋರ್‌ವೆಲ್ ಮೆಕ್ಯಾನಿಕ್ ಅಂಜನಕುಮಾರ್ ನಮ್ಮ ಓಣಿಗೆ ಬಂದ. ಹಳೆಯ ಹಿಟ್ಟಿನ ಗಿರಣಿಗಳಿಂದ ತಂದ ಸಣ್ಣ ಮೋಟಾರುಗಳನ್ನು ಮಗ್ಗಕ್ಕೆ ಜೋಡಿಸಿಕೊಟ್ಟ. ಈಗ ಹಾಸಿನ ನೂಲನ್ನು ಎತ್ತಿ ಇಳಿಸುವ ಕೆಲಸ ಮೋಟಾರಿನದು, ಲಾಳಿ ಎಸೆಯುವುದು ನನ್ನ ಕೈಯದು. ಸತ್ಯ ಹೇಳಬೇಕೆಂದರೆ, ಆ ಮೋಟಾರು ಬಂದ ಮೇಲೆ ನಾನು ಮೆಟ್ಟಿಲು ಹತ್ತುವಾಗ ದೇವರ ಹೆಸರು ಹೇಳುವುದನ್ನು ಬಿಟ್ಟಿದ್ದೇನೆ. ಹಾಗಾಗಿ ನಾನು ಮೋಟಾರಿನ ವೈರಿ ಎಂದು ಫೈಲಿನಲ್ಲಿ ಬರೆದುಕೊಳ್ಳಬೇಡಿ. ನಾನು ಅದರ ಋಣದಲ್ಲಿರುವವನು.

ಬೆಲ್ಟಿಗೆ ಒಂದು ಜಾಲರಿ ಹಾಕಪ್ಪಾ ಎಂದು ಅಂದೇ ಕೇಳಿದ್ದೆ. ಅಂಜನಕುಮಾರ್ ನಕ್ಕ. “ಹೊಲದಾಗ ಬೋರಿನ ಮೋಟಾರಿಗೆ ಯಾರ್ ಜಾಲರಿ ಹಾಕ್ಯಾರ್ರಿ ಆಶಪ್ಪಣ್ಣ? ಅದೇನು ನಾಯೇನ್ರಿ, ಕಚ್ಚಾಕ?” ಎಂದ. ಅಂಜನಕುಮಾರ್ ಒಳ್ಳೆಯ ಹುಡುಗ. ಆದರೆ ಹೊಲದಲ್ಲಿ ಮೋಟಾರಿನ ಮಗ್ಗುಲಲ್ಲಿ ಹೆಂಡತಿ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುವುದಿಲ್ಲ ಎನ್ನುವುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಇನ್ನು ಭಯದ ವಿಷಯ. ಮಗ್ಗಕ್ಕೆ ಮೋಟಾರು ಕಟ್ಟಿದರೆ ಅದು ಕೈಮಗ್ಗವೋ ಅಲ್ಲವೋ? ಈ ಪ್ರಶ್ನೆಯನ್ನು ನಾವು ಕಂಡ ಕಂಡ ಕಚೇರಿಯಲ್ಲೆಲ್ಲ ಕೇಳಿದ್ದೇವೆ. ಒಬ್ಬ ಸಾಹೇಬರು “ಕೈ ಆಡಿದರೆ ಕೈಮಗ್ಗವೇ” ಎಂದರು. ಇನ್ನೊಬ್ಬ ಸಾಹೇಬರು “ಕರೆಂಟು ಬಂದರೆ ಕೈಮಗ್ಗ ಹೇಗಾಗುತ್ತದೆ?” ಎಂದು ನಮ್ಮನ್ನೇ ತಿರುಗಿ ಕೇಳಿದರು. ಮೂರನೆಯವರು ಕಿಟಕಿಯಾಚೆ ನೋಡಿದರು. ಬರೆದುಕೊಡಿ ಎಂದರೆ ಮೂವರಿಗೂ ಒಂದೇ ಸಲ ಮೀಟಿಂಗು ನೆನಪಾಯಿತು. ಕೈಮಗ್ಗ ಅಲ್ಲ ಎಂದಾದರೆ ನೇಕಾರರ ಕಾರ್ಡು ಹೋಗುತ್ತದೆ, ಕಾರ್ಡು ಹೋದರೆ ವಿಮೆ, ನೂಲಿನ ರಿಯಾಯಿತಿ, ಮುಪ್ಪಿನ ಪಿಂಚಣಿ ಎಲ್ಲವೂ ಅದರ ಹಿಂದೆಯೇ ಹೋಗುತ್ತವೆ ಎಂದು ಓಣಿಯಲ್ಲಿ ಮಾತು ಹುಟ್ಟಿತು. ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಅಲ್ಲವೇ ಸ್ವಾಮಿ, ಮನುಷ್ಯ ಹೆಚ್ಚು ಹೆದರುವುದು?

ಆದ್ದರಿಂದ ನಾವು ಒಂದು ಬಂದೋಬಸ್ತು ಮಾಡಿಕೊಂಡೆವು. ಓಣಿಯ ಬಾಯಲ್ಲೇ ಉರುಕುಂದಪ್ಪನ ಮನೆ. ಜೀಪು ಕಂಡರೆ ಅವನು “ಬೀಗರು ಬಂದ್ರೋ!” ಎಂದು ಕೂಗಬೇಕು. ಬೀಗರು ಮನೆಗೆ ಬಂದಾಗ ಮಗ್ಗ ನಿಲ್ಲಿಸಿ ಎದ್ದು ಬರುವುದು ನಮ್ಮಲ್ಲಿ ಮೊದಲಿನಿಂದಲೂ ಇರುವ ಮರ್ಯಾದೆ. ಹಾಗಾಗಿ ಆ ಕೂಗು ಕೇಳಿ ಮಗ್ಗಗಳೆಲ್ಲ ಸುಮ್ಮನಾದರೆ ಯಾರಿಗೂ ಅನುಮಾನ ಬರುವುದಿಲ್ಲ. ಕೂಗು ಬಿದ್ದ ತಕ್ಷಣ ಸ್ವಿಚ್ಚು ಆರಿಸುವುದು, ಬೆಲ್ಟು ಕಳಚುವುದು, ಮೋಟಾರಿನ ಮೇಲೆ ಕೌದಿ ಎಳೆಯುವುದು. ಹಳೇ ಸೀರೆಗಳ ಪದರ ಸೇರಿಸಿ ಹೊಲಿದ ಆ ಕೌದಿಗಳು ಚಳಿಗಾಲದಲ್ಲಿ ನಮ್ಮ ಮೈಮೇಲೆ, ಉಳಿದ ದಿನ ಮೋಟಾರಿನ ಮೈಮೇಲೆ.

ನಿಮ್ಮವರ ಜೀಪು ಬಂದ ದಿನ ಉರುಕುಂದಪ್ಪ ಕೂಗಿದ ಕೂಗಿಗೆ ನಿಜವಾದ ಬೀಗರಿದ್ದಿದ್ದರೆ ವಾಪಸು ಓಡಿಹೋಗುತ್ತಿದ್ದರು. ಜೀಪಿನಿಂದ ಇಳಿದವರು ಕಾರ್ಡು ಕಿತ್ತುಕೊಳ್ಳುವವರಲ್ಲ, ಆರೋಗ್ಯ ಕೇಳಲು ಬಂದವರು ಎಂದು ನಮಗೆ ಹೇಗೆ ಗೊತ್ತಾಗಬೇಕು? ಇಬ್ಬರ ಜೀಪಿಗೂ ಒಂದೇ ಬಣ್ಣ, ಒಂದೇ ಬೋರ್ಡು, ಒಂದೇ ಧೂಳು. ಕ್ಷಣದಲ್ಲಿ ಇಡೀ ಓಣಿ ಸುಮ್ಮನಾಯಿತು. ನಿಮ್ಮ ಸರ್ವೆ ಮೇಡಂ ಇಳಿದವರೇ ಕೈಯಲ್ಲಿದ್ದ ಸದ್ದು ಅಳೆಯುವ ಯಂತ್ರವನ್ನು ಎತ್ತಿ ಹಿಡಿದರು. ಯಂತ್ರದ ಕಿವಿಗೆ ಸಿಕ್ಕಿದ್ದು ಒಂದು ಕಾಗೆ, ನಮ್ಮ ಮನೆಯ ಕುಕ್ಕರಿನ ಸೀಟಿ, ಮತ್ತು ಉರುಕುಂದಪ್ಪನ ಕೆಮ್ಮು.

ಮೇಡಂ ಒಳ್ಳೆಯವರು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನೆಲದ ಮೇಲೆ ಕೂತರು. ತೆಲುಗಿನಲ್ಲಿ ಮೆಲ್ಲಗೆ ಮಾತಾಡಿದರು, ಗಡಿಯವರಾದ ನಾವೂ, ಮನೆಮಾತು ಕನ್ನಡವಾದರೂ, ತೆಲುಗಿನಲ್ಲೇ ಉತ್ತರ ಕೊಟ್ಟೆವು. ಬೆನ್ನು ನೋಯುತ್ತದೆಯೇ, ಕಣ್ಣು ಉರಿಯುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳಿದರು. ನನ್ನ ನಿದ್ದೆಯ ಬಗ್ಗೆ ಇಷ್ಟು ವರ್ಷಗಳಲ್ಲಿ ಯಾವ ಸರ್ಕಾರವೂ ಕೇಳಿರಲಿಲ್ಲ, ನನಗೆ ಸ್ವಲ್ಪ ಕಣ್ಣು ತುಂಬಿತು. ಇನ್ನೇನು ಎಲ್ಲ ಸುಸೂತ್ರವಾಗಿ ಮುಗಿಯಿತು ಅನ್ನುವಾಗ ಅವರ ಕಣ್ಣು ಕೌದಿಯ ಮೇಲೆ ಬಿತ್ತು.

“ಅದೇನದು?” ಎಂದರು.

ನನ್ನ ಬಾಯಿ ಒಣಗಿತು. ನನ್ನ ಹೆಂಡತಿ ಸತ್ಯಮ್ಮ ಮಕ್ತಲದ ಮಗಳು, ಅವಳ ಬಾಯಿ ಒಣಗುವುದಿಲ್ಲ. ಹೆಸರಿನಲ್ಲಿ ಏನೇ ಇರಲಿ, ಅವಳು ಕಣ್ಣು ಮಿಟುಕಿಸದೆ ಹೇಳಿದಳು: “ಅದು ನಮ್ಮ ಮನೀದೇವ್ರು ಮೇಡಂ. ಹೊರಗಿನವ್ರು ನೋಡಂಗಿಲ್ಲ.”

ಮೇಡಂ ತಟ್ಟನೆ ಎದ್ದು, ಸೆರಗು ಸರಿಮಾಡಿಕೊಂಡು, ಆ ಗಿರಣಿ ಮೋಟಾರಿಗೆ ಭಕ್ತಿಯಿಂದ ಕೈ ಮುಗಿದರು. ನಾನೂ ಮುಗಿದೆ, ಇನ್ನೇನು ಮಾಡಲಿ? ಸತ್ಯಮ್ಮ ಹಿತ್ತಲಿನಿಂದ ಹಾರಿ ಪಕ್ಕದ ಮನೆಗಳಿಗೆ ಸುದ್ದಿ ಮುಟ್ಟಿಸಿಬಿಟ್ಟಳು. ಮುಂದಿನ ಮನೆಯಲ್ಲೂ ಮನೆದೇವರು, ಅದರಾಚೆಯ ಮನೆಯಲ್ಲೂ ಮನೆದೇವರು. ಉರುಕುಂದಪ್ಪನಂತೂ ಕುಂಕುಮ ಹಚ್ಚಿ, ಚೆಂಡು ಹೂವಿಟ್ಟು, ಊದುಬತ್ತಿಯನ್ನೂ ಸಿಕ್ಕಿಸಿದ್ದ. ಮೋಟಾರಿನಲ್ಲಿ ಎಣ್ಣೆಯಿದೆ, ಬೆಂಕಿ ಹತ್ತೀತು ಎಂಬ ಜ್ಞಾನವಾದರೂ ಬೇಡವೇ ಆ ಮನುಷ್ಯನಿಗೆ? ಅವನ ಮುದುಕಿ ತಾಯಿಗೆ ಇದು ನಾಟಕವೆಂದು ಯಾರೂ ಬಿಡಿಸಿ ಹೇಳಲಿಲ್ಲ. ಆಕೆ ಈಗಲೂ ಅಮಾವಾಸ್ಯೆಗೊಮ್ಮೆ ಆ ಮೋಟಾರಿನ ಮುಂದೆ ಕಾಯಿ ಒಡೆಯುತ್ತಾಳೆ.

ಇಲ್ಲಿಯವರೆಗೆ ನಗುವ ವಿಷಯ. ನಕ್ಕಿದ್ದರೆ ಒಳ್ಳೆಯದು, ಮುಂದಿನದಕ್ಕೆ ಅಷ್ಟು ಶಕ್ತಿ ಬೇಕು.

ಮೇಡಂ ಕೈ ಮುಗಿದಾಗ ಸತ್ಯಮ್ಮನೂ ಕೈ ಮುಗಿದಳು. ಆಗ ಅವಳ ಬಲಗೈಯ ತೋರುಬೆರಳು ಅವರಿಗೆ ಕಂಡಿತು. ಆ ಬೆರಳಿಗೆ ಉಗುರಿಲ್ಲ, ಉಗುರಿರುವ ಗೆಣ್ಣೂ ಇಲ್ಲ. ನಿಮ್ಮವರು ಬರುವುದಕ್ಕೆ ಕೆಲವೇ ತಿಂಗಳ ಹಿಂದೆ ಒಂದು ಮಧ್ಯಾಹ್ನ ಹಾಸಿನಲ್ಲಿ ನೂಲು ಕಡಿಯಿತು. ನಾನು ಸ್ವಿಚ್ಚು ಆರಿಸಿದೆ. ಸದ್ದು ನಿಂತಿತು. ಸದ್ದು ನಿಂತರೆ ಮಗ್ಗ ನಿಂತಿತು ಎಂದು ಹುಟ್ಟಿದಾಗಿನಿಂದ ತಿಳಿದವರು ನಾವು. ನನ್ನ ಕಾಲು ನಿಂತರೆ ಮಗ್ಗ ನಿಲ್ಲುತ್ತಿದ್ದ ಕಾಲದಲ್ಲಿ ಅದು ಸರಿಯೇ ಇತ್ತು. ಮೋಟಾರು ಹಾಗಲ್ಲ, ಕರೆಂಟು ಹೋದ ಮೇಲೂ ಅದರ ಗಾಲಿ ಸದ್ದಿಲ್ಲದೆ ಒಂದಿಷ್ಟು ಸುತ್ತು ತಿರುಗಿಯೇ ನಿಲ್ಲುತ್ತದೆ. ಸತ್ಯಮ್ಮ ಎಂದಿನಂತೆ ನೂಲು ಹೊಸೆಯಲು ಕೈ ಚಾಚಿದಳು. ಬೆಲ್ಟು ಅವಳ ಬೆರಳನ್ನು ಗಾಲಿಯ ಸಂದಿಗೆ ಎಳೆದುಕೊಂಡಿತು. ಅವಳು ಕೂಗಲೇ ಇಲ್ಲ, “ಅಯ್ಯ” ಎಂದಳು ಅಷ್ಟೇ. ನೇಯುತ್ತಿದ್ದದ್ದು ಬಿಳಿ ಸೀರೆ. ಅದನ್ನು ಹಾಳುಮಾಡಿದೆನಲ್ಲ ಎಂದು ದವಾಖಾನೆಯ ದಾರಿಯುದ್ದಕ್ಕೂ ಅಳುತ್ತಿದ್ದಳು, ಬೆರಳಿಗಾಗಿ ಅತ್ತದ್ದು ಆಮೇಲೆ.

ದವಾಖಾನೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. “ಬಾಗಲ ಸಂದ್ಯಾಗ ಸಿಕ್ತ್ರಿ ಸಾರ್” ಎಂದೆ. ಡಾಕ್ಟರು ಬೆರಳಿನ ಕರಿ ಜಿಡ್ಡನ್ನು ನೋಡಿ, “ನಿಮ್ಮ ಬಾಗಿಲಿಗೆ ಗ್ರೀಸು ಹಚ್ಚುತ್ತೀರಾ?” ಎಂದರು. “ಹೌದ್ರಿ ಸಾರ್, ಕಿರ್ ಅಂತಿತ್ರಿ” ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು, ಮತ್ತೆ ಬಾಗಿಲೆಂದೇ ಬರೆದರು. ಮೋಟಾರು ಎಂದು ಬರೆಸಿದ್ದರೆ ಆ ಕಾಗದ ಯಾವ ಕಚೇರಿಗೆ ಹೋಗಿ ಯಾರ ಕಾರ್ಡಿನ ಮೇಲೆ ಕೂರುತ್ತಿತ್ತೋ! ನಮ್ಮ ಓಣಿಯಲ್ಲಿ ಹೀಗೆ ಬಾಗಿಲಿಗೆ ಬೆರಳು ಕೊಟ್ಟವರು ಸತ್ಯಮ್ಮ ಒಬ್ಬಳೇ ಅಲ್ಲ. ನಮ್ಮ ಓಣಿಯ ಬಾಗಿಲುಗಳಷ್ಟು ಕಚ್ಚುವ ಬಾಗಿಲುಗಳು ಈ ರಾಜ್ಯದಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ. ಮೇಡಂ ಕೇಳಿದಾಗಲೂ ಸತ್ಯಮ್ಮ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು “ಬಾಗಲ್ರಿ” ಎಂದಳು. ಮೇಡಂ ಪಾಪ ಎಂದು ಬರೆದುಕೊಂಡರು.

ನೂಲು ಹೊಸೆಯುವುದು ಹೆಬ್ಬೆರಳು ಮತ್ತು ತೋರುಬೆರಳಿನ ಕೆಲಸ. ಸತ್ಯಮ್ಮ ಈಗ ಆ ಕೆಲಸವನ್ನು ನಡುಬೆರಳಿಗೆ ಕಲಿಸುತ್ತಿದ್ದಾಳೆ. ಮನೆಗೆ ಬಂದ ಹೊಸ ಸೊಸೆಗೆ ಕಲಿಸುವ ಹಾಗೆ ಬೈದು ಬೈದು ಕಲಿಸುತ್ತಾಳೆ. ರೇಷನ್ ಅಂಗಡಿಯ ಬೆರಳಚ್ಚು ಯಂತ್ರ ಅವಳ ಆ ಬೆರಳನ್ನು ಗುರುತಿಸುವುದಿಲ್ಲ, ಕೆಂಪು ದೀಪ ಹಚ್ಚಿ ಕುಂಯ್ ಎನ್ನುತ್ತದೆ. ಇಡೀ ಸರ್ಕಾರದಲ್ಲಿ ಏನೋ ಎಡವಟ್ಟಾಗಿದೆ ಎಂದು ಕಂಡುಹಿಡಿದದ್ದು ಆ ಯಂತ್ರ ಒಂದೇ.

ಈಗ ನಿಮ್ಮ ವರದಿಗೆ ಬರುತ್ತೇನೆ. ಅದರ ತೆಲುಗು ಸಾರಾಂಶವನ್ನು ಅಚ್ಚು ಹಾಕಿಸಿ ಗದ್ವಾಲದ ಸಭೆಯಲ್ಲಿ ಹಂಚಿದಿರಿ. ಅಲ್ಲಿ ನೇಕಾರರ ಮನೆಗೆ ಮದುವೆ ಮಾಡಿಕೊಟ್ಟಿರುವ ನನ್ನ ಮಗಳು ಪ್ರಶಾಂತಿ ಅದನ್ನು ಫೋನಿನಲ್ಲಿ ಕಳಿಸಿದಳು, ನಾನು ಕನ್ನಡಕ ಏರಿಸಿ ಪೂರ್ತಿ ಓದಿದೆ. ನಮ್ಮ ಓಣಿ ಅತ್ಯಂತ ಪ್ರಶಾಂತವಾಗಿದೆಯಂತೆ. ಯಂತ್ರಗಳ ಸದ್ದಿನ ಅಪಾಯ ಇಲ್ಲವೇ ಇಲ್ಲವಂತೆ. ಯಂತ್ರದಿಂದಾದ ಗಾಯಗಳ ಕಾಲಂನಲ್ಲಿ ಸೊನ್ನೆ. ಬಾಗಿಲಿನಿಂದಾದ ಗಾಯಗಳು ಮಾತ್ರ ಕಳವಳಕಾರಿ, ಆದ್ದರಿಂದ ಬಾಗಿಲುಗಳಿಗೆ ರಬ್ಬರ್ ಪಟ್ಟಿ ಕೊಡತಕ್ಕದ್ದು. ಪಟ್ಟಿ ಬಂದಿವೆ ಸ್ವಾಮಿ, ಹಚ್ಚಿದ್ದೇವೆ. ಬಾಗಿಲು ಈಗ ಬಹಳ ಸಾಧುವಾಗಿದೆ. ಇನ್ನೊಂದು ಪುಟದಲ್ಲಿ ‘ಪ್ರತಿ ಮಗ್ಗದ ಪಕ್ಕದಲ್ಲೂ ವಸ್ತ್ರ ಹೊದಿಸಿದ ಮನೆದೇವರನ್ನು ಪ್ರತಿಷ್ಠಾಪಿಸುವ ಪದ್ಧತಿ ಇದ್ದು, ಅದು ನೇಕಾರರ ಮಾನಸಿಕ ನೆಮ್ಮದಿಗೆ ಸಹಕಾರಿಯಾಗಿದೆ, ಈ ಪದ್ಧತಿಯನ್ನು ಪ್ರೋತ್ಸಾಹಿಸಬಹುದು’ ಎಂದಿದೆ. ಇದನ್ನು ಓದಿ ನಾನು ನಕ್ಕ ನಗುವಿಗೆ ಸತ್ಯಮ್ಮ ಒಲೆ ಬಿಟ್ಟು ಓಡಿ ಬಂದಳು. ಕೊನೆಯ ಪುಟ ಓದಿದ ಮೇಲೆ ನನಗೆ ನಗು ಬರಲಿಲ್ಲ. ನೇಕಾರರ ನಿಜವಾದ ಕಷ್ಟ ಮೊಣಕಾಲಿನದು, ಮೆಟ್ಟು ತುಳಿಯುವ ಶ್ರಮ ತಪ್ಪಿಸಲು ಮಗ್ಗಗಳಿಗೆ ಮೋಟಾರು ಕೊಡುವುದು ಸೂಕ್ತ, ಅದರಿಂದ ಯಾವ ಅಪಾಯವೂ ಕಂಡುಬಂದಿಲ್ಲ, ಪ್ರಯೋಗಾರ್ಥ ಗದ್ವಾಲದಿಂದ ಆರಂಭಿಸಿ ಧರೂರು, ಕೆ.ಟಿ. ದೊಡ್ಡಿಯ ಕಡೆಗೂ ವಿಸ್ತರಿಸುವುದು ಎಂದು ಅಲ್ಲಿತ್ತು. ಕೆಳಗೆ ಮೋಟಾರಿನ ಚಿತ್ರ. ಬೆಲ್ಟು ಬತ್ತಲೆ.

ನಾವು ಕೌದಿ ಹೊಚ್ಚಿದ್ದು ನಿಮ್ಮ ಕಣ್ಣು ಮುಚ್ಚಲು. ಅದೇ ಕೌದಿ ನನ್ನ ಮಗಳ ಕಣ್ಣನ್ನೂ ಮುಚ್ಚಿತು.

ಆ ಸಂಜೆ ಪ್ರಶಾಂತಿ ಫೋನು ಮಾಡಿದಳು. ದನಿಯಲ್ಲೇ ನಗು. “ಅಪ್ಪಾ, ಆ ಮನೀದೇವ್ರು ಅಂದ್ರ ನಮ್ಮ ಗಿರಣಿ ಮೋಟಾರಲ್ಲೇನು? ಅವ್ವಂದ ಇರಬೇಕು ಈ ಉಪಾಯ!” ಎಂದಳು. “ಹೋಗ್ಲಿ ಬಿಡು, ನಮ್ಮನಿಗೂ ಆ ದೇವ್ರು ಬರಾಕತ್ತಾನ. ಮೊದಲನೇ ಕಂತಿನ್ಯಾಗ ನಮ್ಮ ಹೆಸರೈತಿ.”

ನಾನು ಹೇಳಿದೆ: “ಪ್ರಶಾಂತೀ, ಅವ್ವನ ಬೆರಳು ಬಾಗಲ ಸಂದ್ಯಾಗ ಹೋಗಿದ್ದಲ್ಲವ್ವ.”

“ಮತ್ತ?”

“ಬೆಲ್ಟಿನ್ಯಾಗ. ದವಾಖಾನಿಗೂ ಬಾಗಲ ಅಂತ ಹೇಳೀವಿ, ನಿನಗೂ ಅದನ್ನ ಹೇಳೀವಿ.”

ಇದನ್ನು ಕೇಳಿ ಅವಳಿಗೆ ಏನಾಯಿತೆಂದು ತಿಳಿಯಲು ಅವಳ ಮಗ್ಗ ನಿಮಗೆ ಗೊತ್ತಿರಬೇಕು. ನಿಮಗೆ ಗದ್ವಾಲದ ಸೀರೆ ಗೊತ್ತಿರುತ್ತದೆ, ನಿಮ್ಮ ಮನೆಯವರ ಬೀರುವಿನಲ್ಲಿ ಒಂದಾದರೂ ಇದ್ದೀತು. ಮೈ ಹತ್ತಿ, ಅಂಚು ರೇಷ್ಮೆ. ಆ ಹತ್ತಿಯನ್ನೂ ರೇಷ್ಮೆಯನ್ನೂ ಒಂದರೊಳಗೊಂದು ಕೊಂಡಿ ಹಾಕಿ ನೇಯಬೇಕು. ಅದಕ್ಕೆ ಒಂದೇ ಮಗ್ಗದಲ್ಲಿ ಇಬ್ಬರು ಕೂರುತ್ತಾರೆ. ಅಳಿಯ ಸಾಯಿಪ್ರಸಾದ್ ಮೆಟ್ಟು ತುಳಿದು ಲಾಳಿ ಎಸೆದರೆ, ಅವನ ಪಕ್ಕದಲ್ಲಿ ಪ್ರಶಾಂತಿ ಅಂಚಿನ ಲಾಳಿ ಹಿಡಿದು ಪ್ರತಿ ಎಳೆಗೂ ನೂಲಿನ ನಡುವೆ ಕೈ ಹಾಕಿ ತೆಗೆಯುತ್ತಾಳೆ. ನಮ್ಮ ಮನೆಯಲ್ಲಿ ನೂಲು ಕಡಿದಾಗ ಮಾತ್ರ ಸತ್ಯಮ್ಮನ ಕೈ ಹತ್ತಿರ ಬರುತ್ತಿತ್ತು. ಅಲ್ಲಿ ಮಗಳ ಕೈ ದಿನವಿಡೀ ಒಳಗೇ ಇರುತ್ತದೆ. ಸಾಯಿಪ್ರಸಾದ್ ಕಾಲು ಒತ್ತುವ ಮುಂಚೆ ಹೆಂಡತಿಯ ಕೈ ಎಲ್ಲಿದೆ ಎಂದು ನೋಡುತ್ತಾನೆ. ನೋಡದಿದ್ದರೂ ಅವನ ಕಾಲಿಗೆ ತಿಳಿಯುತ್ತದೆ, ಅಷ್ಟು ವರ್ಷ ಜೊತೆಯಲ್ಲಿ ಕೂತಿದ್ದಾರೆ. ಮೋಟಾರಿಗೆ ಹೆಂಡತಿಯಿಲ್ಲ.

ಪ್ರಶಾಂತಿ ಹೇಳಿದಳು: “ಬ್ಯಾಡ ಅನ್ನಾಕ ಬರಂಗಿಲ್ಲಪ್ಪಾ. ಅವರಿಗೆ ಮುಂಜಾನೆ ಎದ್ದು ನಿಲ್ಲಾಕ ಆಗವಲ್ದು, ಗ್ವಾಡಿ ಹಿಡಕೊಂಡು ನಡೀತಾರ. ಬ್ಯಾಡ ಅಂದ್ರ ಅವರ ಕಾಲು, ಹ್ಞೂಂ ಅಂದ್ರ ನನ್ನ ಕೈ. ಯಾವುದು ಕೊಡ್ಲಿ? ನೀನ ಹೇಳು.”

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದೆ, ಅದಕ್ಕೇ ಈ ಪತ್ರ. ಎರಡನ್ನೂ ಉಳಿಸುವ ಉಪಾಯ ದೊಡ್ಡದೇನಲ್ಲ. ಸತ್ಯಮ್ಮನ ಬೆರಳು ಹೋದ ಮೇಲೆ ನಾನು ಹಳೇ ಜೋಳದ ಜರಡಿ ಬಿಚ್ಚಿ ಬೆಲ್ಟಿಗೆ ಜಾಲರಿ ಕಟ್ಟಿದೆ. ಅಂಜನಕುಮಾರ್ ತಲೆ ತಗ್ಗಿಸಿಕೊಂಡು ಬಂದು, ಸ್ವಿಚ್ಚು ಆರಿಸಿದೊಡನೆ ಗಾಲಿಯನ್ನು ಹಿಡಿದು ನಿಲ್ಲಿಸುವ ಒಂದು ಬ್ರೇಕು ಹಾಕಿಕೊಟ್ಟ. ನೋಡಲು ಚಂದವಿಲ್ಲ, ಮದುವೆ ಬ್ಯಾಂಡಿನ ಹಾಗೆ ಜಣಜಣ ಎನ್ನುತ್ತದೆ, ಆದರೆ ಕಚ್ಚುವುದಿಲ್ಲ. ಹಾಗಾದರೆ ಮಗಳ ಮೋಟಾರಿಗೂ ನೀನೇ ಕಟ್ಟಿಕೊಡಬಹುದಲ್ಲ ಎನ್ನುತ್ತೀರಾ? ಜರಡಿ ತೆಗೆದುಕೊಂಡು ಬಸ್ಸು ಹತ್ತಲು ಸಿದ್ಧನಾಗಿದ್ದೆ. ಆದರೆ ನಿಮ್ಮ ಸಾರಾಂಶದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಸರ್ಕಾರದ ಮೋಟಾರನ್ನು ಬಿಚ್ಚುವುದಾಗಲಿ ಅದಕ್ಕೆ ಏನನ್ನಾದರೂ ಜೋಡಿಸುವುದಾಗಲಿ ಮಾಡಿದವರಿಂದ ಮೋಟಾರನ್ನು ವಾಪಸು ಪಡೆಯಲಾಗುವುದು ಎಂದು ಬರೆದಿದ್ದೀರಿ. ಸುರಕ್ಷತೆಯ ಕಚೇರಿಯೇ ಜಾಲರಿಗೆ ಬೀಗ ಹಾಕಿದರೆ ನಾನು ಎಲ್ಲಿ ಬಾಗಿಲು ತಟ್ಟಲಿ?

ನೀವು ಸಿಟ್ಟಾಗಿ ಕೇಳಬಹುದು: ಒಳ್ಳೆಯದಕ್ಕೆ ಬಂದವರಿಗೆ ಸುಳ್ಳು ಹೇಳಿ, ಈಗ ವರದಿ ಸುಳ್ಳು ಎಂದು ಜಗಳಕ್ಕೆ ಬರುತ್ತೀರಲ್ಲ, ನಾಚಿಕೆಯಿಲ್ಲವೇ? ಇದೆ ಸ್ವಾಮಿ, ಸಾಕಷ್ಟಿದೆ. ಆದರೆ ನಾಚಿಕೆಯಲ್ಲಿ ನಿಮಗೂ ಒಂದು ಪಾಲು ಇಟ್ಟಿದ್ದೇನೆ. ಕೆಲಸದ ಜಾಗ ಬದಲಾಗುತ್ತಿದೆ ಎಂದು ಬೋರ್ಡಿನಲ್ಲಿ ಬರೆದುಕೊಂಡವರು, ಬದಲಾವಣೆ ಎಲ್ಲಿ ಅಡಗಿ ಕೂತಿದೆ ಎಂದು ಹುಡುಕಬೇಡವೇ? ಇಡೀ ಓಣಿ ನೇಯ್ಗೆಯಿಂದ ಬದುಕುತ್ತದೆ, ನಡುಹಗಲು, ಒಂದು ಮಗ್ಗವೂ ಆಡುತ್ತಿಲ್ಲ. ಇದು ಯಾಕೆ ಎಂದು ನಿಮ್ಮ ಯಂತ್ರಕ್ಕೆ ಹೊಳೆಯದಿದ್ದರೆ ಹೋಗಲಿ, ಯಂತ್ರ ಹಿಡಿದವರಿಗಾದರೂ ಹೊಳೆಯಬೇಡವೇ? ಮನೆಮನೆಗೂ ಒಂದೇ ಎತ್ತರದ, ಒಂದೇ ಅಗಲದ, ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿಕೊಂಡ ದೇವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಬಾಗಿಲು ಬಲಗೈಯ ತೋರುಬೆರಳನ್ನೇ ಆರಿಸಿ ಕಚ್ಚುವುದು ಯಾವ ಶಾಸ್ತ್ರ? ನಿಮ್ಮ ಮೇಡಂ ನಮ್ಮ ನಂಬಿಕೆಗೆ ಮರ್ಯಾದೆ ಕೊಟ್ಟರು, ಅದು ಅವರ ದೊಡ್ಡತನ. ಮರ್ಯಾದೆಯ ಜೊತೆಗೆ ಒಂದು ಭರವಸೆಯನ್ನೂ ತಂದಿದ್ದರೆ, ಸತ್ಯಮ್ಮ ತಾನೇ ಕೌದಿ ಎತ್ತಿ ತೋರಿಸುತ್ತಿದ್ದಳು. “ನೀವು ಹೇಳಿದ್ದರಿಂದ ನಿಮ್ಮ ಕಾರ್ಡಿಗೆ ಏನೂ ಆಗುವುದಿಲ್ಲ” ಎಂಬ ಒಂದೇ ಮಾತು. ಅದನ್ನು ಯಾರೂ ಹೇಳಲಿಲ್ಲ, ಯಾಕೆಂದರೆ ನಾವು ಹೆದರುತ್ತಿದ್ದೇವೆ ಎಂದೇ ಯಾರಿಗೂ ತಿಳಿದಿರಲಿಲ್ಲ. ನಿದ್ದೆ ಬರುತ್ತದೆಯೇ ಎಂದು ಕೇಳಿದವರು, ಭಯ ಇದೆಯೇ ಎಂದು ಕೇಳಲಿಲ್ಲ.

ಮೊನ್ನೆ ಒಂದು ಸಂಗತಿ ನಡೆಯಿತು. ಬೆಳಗ್ಗೆ ಮತ್ತೆ ಉರುಕುಂದಪ್ಪನ ಕೂಗು: “ಬೀಗರು ಬಂದ್ರೋ!” ಓಣಿ ಒಂದೇ ಉಸಿರಿಗೆ ಸುಮ್ಮನಾಯಿತು. ನಾನೂ ಅಭ್ಯಾಸಬಲದಿಂದ ಸ್ವಿಚ್ಚಿಗೆ ಕೈ ಹಾಕಿದೆ. ಸತ್ಯಮ್ಮ ನನ್ನ ಕೈ ಹಿಡಿದಳು.

“ಆರಸಬ್ಯಾಡ್ರಿ,” ಎಂದಳು.

“ಹುಚ್ಚೇನ ನಿನಗ? ಜೀಪು ಬಂದೈತಿ.”

“ಬರ್ಲಿ. ಹೋದ ಸಲ ಆರಿಸಿದ್ದಕ್ಕ ನಮ್ಮ ಸುಳ್ಳು ಮಗಳ ಮನೀತನಕ ಹೋತು. ನೀವು ನೇಯ್ರಿ.”

ಇಡೀ ಓಣಿಯಲ್ಲಿ ನಮ್ಮ ಮೋಟಾರೊಂದೇ ಜಣಜಣ ಎನ್ನುತ್ತಿತ್ತು. ಲಾಳಿ ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು. ಉರುಕುಂದಪ್ಪ ಓಡಿ ಬಂದು ಬಾಗಿಲಲ್ಲಿ ನಿಂತು, “ನಿನ್ನಿಂದ ಎಲ್ಲರ ಕಾರ್ಡು ಹೋಗ್ತಾವ ತಂಗೀ!” ಎಂದು ಕೂಗಾಡಿದ. ಸತ್ಯಮ್ಮ ಸಿಟ್ಟಾಗಲಿಲ್ಲ. ಸೆರಗಿನಿಂದ ಕೈ ಹೊರಗೆ ತೆಗೆದು ಆ ಬೆರಳನ್ನು ಅವನ ಮುಂದೆ ಹಿಡಿದಳು. “ನಿಮ್ಮ ಸೊಸಿದು ಯಾವ ಬೆರಳ್ರಿ ಅಣ್ಣಾ, ಬಾಗಲ ಸಂದ್ಯಾಗ ಸಿಕ್ಕಿದ್ದು?” ಎಂದು ಕೇಳಿದಳು. ಉರುಕುಂದಪ್ಪ ಅಲ್ಲಿಂದಲೇ ತಿರುಗಿ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಮನೆಯ ಮೋಟಾರೂ ಶುರುವಾದ ಸದ್ದು ಕೇಳಿತು. ಅಂದಹಾಗೆ, ಆ ಜೀಪಿನಲ್ಲಿ ಬಂದವರು ಕರೆಂಟಿನವರು, ಕಂಬ ನೋಡಿಕೊಂಡು ಹೋದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಆದ್ದರಿಂದ ನನ್ನ ದರ್ಖಾಸ್ತು ಇಷ್ಟೇ. ಮುಚ್ಚಳ ಮತ್ತು ಬ್ರೇಕು ಇಲ್ಲದ ಒಂದು ಮೋಟಾರೂ ಗದ್ವಾಲದ ಯಾವ ಮನೆಯ ಹೊಸ್ತಿಲೂ ದಾಟಕೂಡದು. ಮೋಟಾರು ನಿಲ್ಲಿಸಿಬಿಡಿ ಎನ್ನುತ್ತಿಲ್ಲ, ಅಳಿಯನ ಮೊಣಕಾಲಿನ ಶಾಪ ನನಗೆ ಬೇಡ. ಸರಿಮಾಡಿ ಬೇಗ ಕಳಿಸಿ. ಮಗ್ಗಕ್ಕೆ ಮೋಟಾರು ಕಟ್ಟಿದವನು ನೇಕಾರನೋ ಅಲ್ಲವೋ ಎಂಬುದನ್ನು ಸಂಬಂಧಪಟ್ಟವರಿಂದ ಬರೆಸಿ ಕೊಡಿಸಿ. ಅವರಿಗೆ ಮೀಟಿಂಗು ನೆನಪಾಗುವ ಮುಂಚೆ ಬಾಗಿಲಿಗೆ ಅಡ್ಡ ನಿಂತು ಬರೆಸಿ. ಆಮೇಲೆ ನಿಮ್ಮ ಮೇಡಂ ಅವರನ್ನು ಮತ್ತೊಮ್ಮೆ ಕಳಿಸಿ. ಜೀಪು ಬೇಡ, ಬಸ್ಸಿನಲ್ಲಿ ಬರಲಿ, ಸ್ಟ್ಯಾಂಡಿನಿಂದ ನಾನೇ ಕರೆದುಕೊಂಡು ಬರುತ್ತೇನೆ. ಈ ಸಲ ಯಾವ ಮಗ್ಗವೂ ನಿಲ್ಲುವುದಿಲ್ಲ. ಅವರು ಪ್ರಶ್ನೆಗಳನ್ನು ಕೂಗಿ ಕೇಳಬೇಕಾದೀತು, ನಾವೂ ಕೂಗಿಯೇ ಉತ್ತರ ಹೇಳುತ್ತೇವೆ. ಆ ಸದ್ದಿನಲ್ಲಿ ಅವರಿಗೆ ತಲೆನೋವು ಬಂದರೆ ಅದನ್ನೂ ವರದಿಯಲ್ಲಿ ಬರೆದುಕೊಳ್ಳಲಿ. ಮನೆದೇವರ ಪುಟವನ್ನು ಮಾತ್ರ ತೆಗೆಯಬೇಡಿ, ಉರುಕುಂದಪ್ಪನ ತಾಯಿ ಬೇಜಾರು ಮಾಡಿಕೊಂಡಾಳು.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ನೆಮ್ಮದಿಯಾಗಿರುವ,
ಆಶಪ್ಪ, ನೇಕಾರ, ನಾರಾಯಣಪೇಟೆ

ನನ್ನ ಸಹಿಯ ಪಕ್ಕದಲ್ಲಿರುವ ಬೆರಳಚ್ಚು ಸತ್ಯಮ್ಮನದು. ಅವಳಿಗೆ ಸಹಿ ಹಾಕಲು ಬರುತ್ತದೆ, ಆದರೆ ಈ ಕಾಗದಕ್ಕೆ ಬೆರಳೇ ಇರಲಿ ಎಂದಳು. ಹೆಬ್ಬೆಟ್ಟು ಒತ್ತು ಎಂದೆ. ಕೇಳಲಿಲ್ಲ, ತೋರುಬೆರಳನ್ನೇ ಒತ್ತಿದಳು. ಶಾಯಿ ಸಾಲದೆ ಅಷ್ಟು ಗಿಡ್ಡವಾಗಿ ಬಿದ್ದಿದೆ ಎಂದುಕೊಳ್ಳಬೇಡಿ. ಅದು ಇರುವುದೇ ಅಷ್ಟು.